ನೀರು ಹೀರುವ ಹರಳು: ಕೊಳ್ಳುವ ಮುನ್ನ ಪರೀಕ್ಷೆ ಅಗತ್ಯ

ವಾಮದಪದವಿನ ಸುತ್ತಣ ಮುರಕಲ್ಲಿನ ಗುಡ್ಡಗಳಲ್ಲಿ ಆಟಿಯ ಮಳೆ ಎಷ್ಟು ಸುರಿದರೂ ಸುಗ್ಗಿಯ ವೇಳೆಗೆ ಮಣ್ಣು ಒಣಗುವುದು. ಎಳೆಯ ಅಡಕೆ ಸಸಿಗಳಿಗೆ ಅದೇ ಸಂಕಟಕಾಲ. ನೀರನ್ನು ಹೀರಿ ಹಿಡಿದಿಟ್ಟು, ಮಣ್ಣು ಒಣಗಿದಾಗ ಬೇರಿಗೆ ಬಿಟ್ಟುಕೊಡುವ ಹರಳುಗಳು ಪೇಟೆಗೆ ಬಂದಿರುವುದರಿಂದ ಕೃಷಿಕರು ಅವುಗಳತ್ತ ಆಶೆಯಿಂದ ನೋಡುವುದು ಸಹಜವೇ. ಆದರೆ ಚೀಲದ ಮೇಲಿನ ಅಂಕಿಯನ್ನು ಮಾತ್ರ ನಂಬಿ ಹಣ ತೆರುವುದು ಯುಕ್ತವಲ್ಲ.

ಈ ಹರಳುಗಳ ಗುಣವು ಅವುಗಳೊಳಗಿನ ಅಣುಸರಪಳಿಗಳ ಆಕಾರವನ್ನು ಅವಲಂಬಿಸಿದೆ. ಬಿಡಿ ಎಳೆಗಳಂತಿರುವ ಸರಪಳಿಗಳು ನೀರಿನಲ್ಲಿ ಕರಗಿ ಹರಿದುಹೋಗುವುವು. ಅವನ್ನೇ ಅಲ್ಲಲ್ಲಿ ಗಂಟುಹಾಕಿ ಬಲೆಯಂತೆ ಹೆಣೆದರೆ ಕರಗದೆ ಉಬ್ಬುವುವು. ಗಂಟುಗಳು ವಿರಳವಾದರೆ ನೀರು ಹೆಚ್ಚು ಹಿಡಿಯುವುದು, ಆದರೆ ಹರಳು ಮೆತ್ತಗಾಗಿ ಮಣ್ಣಿನ ಭಾರಕ್ಕೆ ಜಜ್ಜಿಹೋಗುವುದು. ಒತ್ತಾದರೆ ಗಟ್ಟಿ, ಆದರೆ ನೀರು ಕಡಿಮೆ. 1995ರಲ್ಲಿ ಜಪಾನಿನ ವಿಜ್ಞಾನಿಗಳು, ಶಾಖಕ್ಕೆ ಕುಗ್ಗುವ ಒಂದು ಬಗೆಯ ಬಲೆಗೆ ಬಾಚಣಿಗೆಯ ಹಲ್ಲುಗಳಂತೆ ಬಿಡಿ ಕವಲುಗಳನ್ನು ಜೋಡಿಸಿದಾಗ ಅದು ಬಹು ಬೇಗ ನೀರು ಬಿಡುವುದನ್ನು ತೋರಿಸಿಕೊಟ್ಟರು. ದ್ರವ್ಯ ಒಂದೇ ಆದರೂ ಹೆಣಿಗೆ ಬದಲಾದೊಡನೆ ಗುಣವೂ ಬದಲಾಯಿತು.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿದ ಪೂಸಾ ಹೈಡ್ರೋಜೆಲ್ ಸಸ್ಯಗಳ ಸೆಲ್ಯುಲೋಸ್ ಮೂಲದ್ದು; ಶುದ್ಧ ಜಲದಲ್ಲಿ ಅದು ತನ್ನ ತೂಕದ ಸುಮಾರು 350 ಪಾಲು ನೀರು ಹೀರುವುದು. ಇಲ್ಲಿ ‘ಶುದ್ಧ’ ಎಂಬ ಮಾತನ್ನು ಮರೆಯಲಾಗದು. ಇಂಥ ಹರಳಿನ ಎಳೆಗಳು ತಮ್ಮಲ್ಲಿರುವ ಋಣವಿದ್ಯುತ್ತಿನಿಂದ ಪರಸ್ಪರ ದೂಡಿಕೊಳ್ಳುವುದೂ ಉಬ್ಬುವಿಕೆಗೆ ಒಂದು ಕಾರಣ. ನೀರಿನಲ್ಲಿ ಲವಣ ಸೇರಿದರೆ ಆ ದೂಡುವಿಕೆ ಕುಂದುವುದು. ಸುಣ್ಣದ ಅಂಶವಾದರೋ ಎರಡು ಎಳೆಗಳನ್ನು ಬಿಗಿದು ಹೊಸ ಗಂಟು ಹಾಕುವುದು. ಹುಳಿಮಣ್ಣಿಗೆ ಸುಣ್ಣ ಕೊಡುವ, ಕೊಳೆರೋಗಕ್ಕೆ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣ ಸಿಂಪಡಿಸುವ ಈ ಸೀಮೆಯಲ್ಲಿ ಇದು ಬರಿಯ ಪುಸ್ತಕದ ಮಾತಲ್ಲ.

ಆದಕಾರಣ ಊರಿನ ಮುಖಂಡರೂ ಭೂಮಾಲಿಕರೂ ಒಟ್ಟಾಗಿ ಕೊಳ್ಳುವ ಮುನ್ನ, ಒಂದು ಗ್ರಾಂ ಹರಳನ್ನು ತಮ್ಮ ಬಾವಿಯ ನೀರಿನಲ್ಲೂ ಇನ್ನೊಂದು ಗ್ರಾಮನ್ನು ಮಳೆನೀರಿನಲ್ಲೂ ಒಂದು ದಿನ ನೆನೆಯಿಸಿ, ಬಟ್ಟೆಯಲ್ಲಿ ಸೋಸಿ ತೂಗಿ ನೋಡತಕ್ಕದ್ದು. ಒಣಗಿಸಿ ಮೂರು ನಾಲ್ಕು ಬಾರಿ ಹೀಗೆಯೇ ಮಾಡಿದರೆ ಬಾಳಿಕೆಯೂ ತಿಳಿಯುವುದು. ಬಳಿಕ ಹತ್ತು ಸಸಿಗಳ ಬುಡಕ್ಕೆ ಹರಳನ್ನೂ ಇನ್ನು ಹತ್ತಕ್ಕೆ ತರಗೆಲೆಯ ಹೊದಿಕೆಯನ್ನೂ ಕೊಟ್ಟು, ಒಂದು ಬೇಸಗೆ ಹೋಲಿಸುವುದು ಉತ್ತಮ. ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಕೆ ಸಂಶೋಧನಾ ಕೇಂದ್ರವು ಸಮೀಪದಲ್ಲೇ ಇರುವುದರಿಂದ ತಜ್ಞರ ಸಲಹೆಯೂ ದುರ್ಲಭವಲ್ಲ. ಹರಳು ಹೊಸ ನೀರನ್ನು ಉಂಟುಮಾಡಲಾರದು. ಹೊದಿಕೆಗೂ ಇಂಗುಗುಂಡಿಗೂ ಮೀಸಲಾದ ಹಣವನ್ನು, ಪರೀಕ್ಷೆಯಿಲ್ಲದೆ ಇದಕ್ಕೆ ಸುರಿದರೆ ನಷ್ಟವು ತೋಟಕ್ಕೇ ತಟ್ಟುವುದು.