ಮೌನ ದಾರಿಯ ಬೆಲೆ ತೆತ್ತವರು ಯಾರು?

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಸೇವೆನ್ ಎಂಬ ಬೆಟ್ಟಸಾಲಿದೆ. ಅಲ್ಲಿನ ಸಾಂ-ಝಾಂ-ದ್ಯು-ಗಾರ್ ಪಟ್ಟಣದಿಂದ ಫ್ಲೊರಾಕ್ ಕಡೆಗೆ ಬೆಟ್ಟದ ಏಣಿನ ಮೇಲೆಯೇ ಸಾಗುವ ಹಳೆಯ ರಸ್ತೆಯೊಂದುಂಟು. ಎರಡೂ ಮಗ್ಗುಲಲ್ಲಿ ಆಳವಾದ ಕಣಿವೆ. ಇಳಿಜಾರಿನಲ್ಲಿ ಕಲ್ಲಿನ ಗೋಡೆ ಕಟ್ಟಿ ಮಟ್ಟ ಮಾಡಿದ ಮೆಟ್ಟಿಲು ಹೊಲಗಳು. ಅವುಗಳ ನಡುವೆ ಚೆಸ್ಟ್‌ನಟ್ ತೋಪುಗಳು. ವಸಂತ ಬಂದೊಡನೆ ಸೈಕಲ್ಲಿಗೆ ಚೀಲ ಕಟ್ಟಿಕೊಂಡ ಪ್ರವಾಸಿಗರು ಇಂತಹ ದಾರಿಗಳನ್ನು ಹುಡುಕಿಕೊಂಡು ಬರುತ್ತಾರೆ. ಪ್ರವಾಸೋದ್ಯಮದ ಕೈಪಿಡಿಗಳು ಅವರಿಗೆ ಮಾರುವ ಸರಕು ಒಂದೇ: ಮೌನ. ವಾಹನಗಳಿಲ್ಲದ, ಗದ್ದಲವಿಲ್ಲದ, ಪ್ರಕೃತಿಯೇ ಕರುಣಿಸಿದ ಮೌನ.

ಈ ಕೊನೆಯ ಮಾತು ಸುಳ್ಳು. ಬೆಟ್ಟವನ್ನು ಪ್ರಕೃತಿ ಕೊಟ್ಟಿರಬಹುದು, ದಾರಿಯನ್ನು ಕೊಟ್ಟಿಲ್ಲ. ದಾರಿಯ ಮೇಲಿನ ಮೌನವನ್ನಂತೂ ಕೊಟ್ಟೇ ಇಲ್ಲ. ಅದರ ಹಿಂದೆ ದುಡಿದವರಿದ್ದಾರೆ, ಹೋರಾಡಿದವರಿದ್ದಾರೆ, ಊರು ಬಿಟ್ಟು ಹೋದವರೂ ಇದ್ದಾರೆ. ಮೌನವನ್ನು ಮಾರುವವರು ಈ ಮೂವರ ಹೆಸರನ್ನೂ ಹೇಳುವುದಿಲ್ಲ.

ಕಡಿದವರು

ಫ್ರಾನ್ಸಿನಲ್ಲಿ ಸುಮಾರು 11 ಲಕ್ಷ ಕಿಲೋಮೀಟರ್ ರಸ್ತೆಯಿದೆ. ಇದರಲ್ಲಿ ಮೋಟಾರು ಹೆದ್ದಾರಿಗಳೂ ರಾಷ್ಟ್ರೀಯ ಹೆದ್ದಾರಿಗಳೂ ಸೇರಿ ಶೇಕಡಾ 2ರಷ್ಟು ಮಾತ್ರ. ಉಳಿದುದೆಲ್ಲ ಜಿಲ್ಲಾ ಆಡಳಿತಗಳ ಹಾಗೂ ಗ್ರಾಮಾಡಳಿತಗಳ ಪಾಲಿನದು. ಮಿಶೆಲಿನ್ ನಕ್ಷೆಯಲ್ಲಿ ಹೆದ್ದಾರಿಗೆ ಕೆಂಪು, ನಡುವಣ ದರ್ಜೆಯ ರಸ್ತೆಗೆ ಹಳದಿ, ಸಣ್ಣ ದಾರಿಗೆ ಬಿಳಿ ಬಣ್ಣ. ನೋಟ ಚೆನ್ನಾಗಿರುವ ದಾರಿಯ ಪಕ್ಕದಲ್ಲಿ ಹಸಿರು ಗೆರೆ. ಸೈಕಲ್ ಯಾತ್ರಿಕರು ಹುಡುಕುವುದು ಹಸಿರು ಗೆರೆಯಿರುವ ಬಿಳಿ ದಾರಿಯನ್ನು. ಗೆರೆ ಎಳೆದವನಿಗೆ ನೋಟ ಕಂಡಿತು. ದಾರಿಯ ಮೋರಿ ತೋಡಿದವನು ಕಾಣಲಿಲ್ಲ.

ಈ ದಾರಿಗಳು ಬಂದದ್ದು ಎಲ್ಲಿಂದ? 1836ರ ಮೇ 21ರಂದು ಫ್ರಾನ್ಸಿನಲ್ಲಿ ಗ್ರಾಮದಾರಿಗಳ ಕಾನೂನು ಜಾರಿಗೆ ಬಂತು. 18ರಿಂದ 60 ವರ್ಷದ ದುಡಿಯಬಲ್ಲ ಗಂಡಸರು ವರ್ಷಕ್ಕೆ ಮೂರು ದಿನಗಳವರೆಗೆ ಊರದಾರಿಗೆ ದುಡಿಯಬೇಕು, ಇಲ್ಲವೇ ಅಷ್ಟರ ಹಣ ತೆರಬೇಕು. ಗಾಡಿ, ಎತ್ತು, ಕುದುರೆ ಉಳ್ಳವರು ಅವನ್ನೂ ತರಬೇಕು. ಹಣವಿದ್ದವನು ಹಣ ಕೊಟ್ಟ, ಇಲ್ಲದವನು ಬೆನ್ನು ಕೊಟ್ಟ. ಇಂದು ಗೇರ್ ಇಳಿಸಿಕೊಂಡು ಸುಲಭವಾಗಿ ಏರಬಹುದಾದ ಎಷ್ಟೋ ತಿರುವುಗಳ ಕೆಳಗೆ ಈ ಮೂರು ದಿನಗಳ ಬೆವರು ಹೂತಿದೆ.

ಏಣಿನ ಮೇಲಿನ ಆ ಹಳೆಯ ರಸ್ತೆಯ ಕಥೆ ಇನ್ನೂ ಕಹಿಯಾದುದು. 1685ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಪ್ರೊಟೆಸ್ಟಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ರದ್ದುಗೊಳಿಸಿದನು. ಸೇವೆನ್ ಬೆಟ್ಟಗಳ ಪ್ರೊಟೆಸ್ಟಂಟ್ ರೈತರನ್ನು ಅಡಗಿಸಲು ಸೈನ್ಯವೂ ಫಿರಂಗಿಗಳೂ ಸಾಗುವಂತೆ ಬೆಟ್ಟದ ಕಾಲುದಾರಿಗಳನ್ನು ಅಗಲಗೊಳಿಸಲಾಯಿತು. ಹೀಗೆ ಒಂದು ಜನಸಮುದಾಯವನ್ನು ತುಳಿಯಲು ಸಿದ್ಧಪಡಿಸಿದ ದಾರಿಯೇ ಇಂದು ವಿಶ್ರಾಂತಿಯ ದಾರಿಯೆನಿಸಿದೆ. ಸೈಕಲ್ ತುಳಿಯುವವರ ತಪ್ಪು ಇದರಲ್ಲಿಲ್ಲ. ಆದರೆ ಅವರ ಕೈಗೆ ಕೊಟ್ಟ ಕೈಪಿಡಿ ಈ ಸಂಗತಿಯನ್ನು ಬಿಟ್ಟು ದಾರಿಯ ಸೊಬಗನ್ನಷ್ಟೇ ಹೇಳಿದರೆ ಅದು ತಪ್ಪು.

ಉಳಿಸಿದವರು

ಸೇವೆನ್ ಬೆಟ್ಟಗಳ ನೈಋತ್ಯಕ್ಕೆ ಲಾರ್ಝಾಕ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯಿದೆ. ಗಾಳಿ, ಕಲ್ಲು, ಕುರಿಮಂದೆ ಇವೇ ಅಲ್ಲಿನ ಐಶ್ವರ್ಯ. ಪ್ರಸಿದ್ಧ ರೋಕ್‌ಫೋರ್ ಚೀಸ್ ಆಗುವುದು ಆ ಸೀಮೆಯ ಕುರಿಹಾಲಿನಿಂದ. 1971ರಲ್ಲಿ ಫ್ರಾನ್ಸಿನ ಸರ್ಕಾರ ಅಲ್ಲಿದ್ದ ಸುಮಾರು 3,000 ಹೆಕ್ಟೇರಿನ ಸೇನಾ ತರಬೇತಿ ಶಿಬಿರವನ್ನು 17,000 ಹೆಕ್ಟೇರಿಗೆ ಹಿಗ್ಗಿಸುವುದಾಗಿ ಸಾರಿತು. ಬರಡು ನೆಲ, ಬೆರಳೆಣಿಕೆಯ ಜನ, ಕೇಳುವವರಾರು ಎಂಬುದು ರಾಜಧಾನಿಯ ಲೆಕ್ಕಾಚಾರವಾಗಿತ್ತು.

ಆ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದವರು 103 ಮಂದಿ ರೈತರು. ಭೂಮಿ ಬಿಟ್ಟುಕೊಡುವುದಿಲ್ಲವೆಂದು 1972ರಲ್ಲಿ ಅವರು ಪ್ರತಿಜ್ಞೆ ಮಾಡಿದರು. ಅದೇ ವರ್ಷ ಲಾಂಝಾ ದೆಲ್ ವಾಸ್ತೋ ಎಂಬ ಸಾಧಕ ಅಲ್ಲಿ ಹದಿನೈದು ದಿನ ಉಪವಾಸ ಕೂತರು. ಇಟಲಿಯಲ್ಲಿ ಹುಟ್ಟಿದ ಇವರು 1937ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ಇದ್ದು, ಅವರಿಂದ ಶಾಂತಿದಾಸ ಎಂಬ ಹೆಸರು ಪಡೆದವರು. ರೈತರು ಪ್ಯಾರಿಸ್ಸಿನ ಐಫೆಲ್ ಗೋಪುರದ ಬುಡಕ್ಕೆ ಕುರಿಗಳನ್ನು ಹೊಡೆದುಕೊಂಡು ಹೋದರು. ಟ್ರ್ಯಾಕ್ಟರುಗಳ ಮೆರವಣಿಗೆ ಮಾಡಿದರು. ಹತ್ತು ವರ್ಷಗಳ ಹೋರಾಟದ ತರುವಾಯ 1981ರಲ್ಲಿ ಅಧ್ಯಕ್ಷ ಮಿತೆರಾಂ ಆ ಯೋಜನೆಯನ್ನು ಕೈಬಿಟ್ಟರು. ಸೇನೆಗಾಗಿ ಕೊಂಡಿದ್ದ ಸುಮಾರು 6,300 ಹೆಕ್ಟೇರ್ ನೆಲವನ್ನು 1985ರಲ್ಲಿ ರೈತರ ಸಾಮೂಹಿಕ ಸಂಸ್ಥೆಯೊಂದಕ್ಕೆ ದೀರ್ಘ ಗುತ್ತಿಗೆಗೆ ಕೊಡಲಾಯಿತು. 2013ರಲ್ಲಿ ಆ ಗುತ್ತಿಗೆಯನ್ನು 2083ರವರೆಗೆ ವಿಸ್ತರಿಸಲಾಗಿದೆ. ನೆಲ ಮಾರಾಟದ ಸರಕಾಗಲಿಲ್ಲ. ಉಳುವವನ, ಮೇಯಿಸುವವನ ಕೈಯಲ್ಲಿ ಉಳಿಯಿತು.

ಹಳೆಯ ಶಿಬಿರ ಇಂದಿಗೂ ಅಲ್ಲೇ ಇದೆ. ಅದು ಹಿಗ್ಗಿದ್ದರೆ ಪ್ರಸ್ಥಭೂಮಿಯ ಬಹುಪಾಲು ಬಿಳಿ ದಾರಿಗಳು ಮುಳ್ಳುತಂತಿಯ ಒಳಗೆ ಸೇರುತ್ತಿದ್ದವು. ಇಂದು ಅಲ್ಲಿ ಸೈಕಲ್ ನಿಲ್ಲಿಸಿದವರ ಕಿವಿಗೆ ಬೀಳುವುದು ಗಾಳಿಯ ಸದ್ದು, ಕುರಿಗಳ ಕೊರಳ ಗಂಟೆ. ಫಿರಂಗಿಯ ಸದ್ದು ಅಲ್ಲೆಲ್ಲ ತುಂಬದೆ ಉಳಿದದ್ದು ಆ 103 ಜನರ ಹಟದಿಂದ. ಈ ಮೌನವನ್ನು ನಿಸರ್ಗದ ಕೊಡುಗೆಯೆನ್ನುವುದು ಹೋರಾಟಕ್ಕೆ ಮಾಡುವ ಅಪಚಾರ.

ಬಿಟ್ಟು ಹೋದವರು

ಮೂರನೆಯ ಲೆಕ್ಕ ಎಲ್ಲಕ್ಕಿಂತ ನೋವಿನದು. ಸೇವೆನ್ ಬೆಟ್ಟಗಳ ಬಹುಭಾಗವಿರುವ ಲೊಝೇರ್ ಜಿಲ್ಲೆಯಲ್ಲಿ 1851ರಲ್ಲಿ 1 ಲಕ್ಷ 44 ಸಾವಿರ ಜನರಿದ್ದರು. ಇಂದು ಇರುವವರು ಸುಮಾರು 76 ಸಾವಿರ. ಚದರ ಕಿಲೋಮೀಟರಿಗೆ ಹದಿನೈದು ಜನರ ಆಸುಪಾಸು. ಫ್ರಾನ್ಸಿನಲ್ಲಿ ಇದಕ್ಕಿಂತ ಕಡಿಮೆ ಜನರಿರುವ ಜಿಲ್ಲೆ ಇನ್ನೊಂದಿಲ್ಲ.

ಜನ ಸುಮ್ಮನೆ ಹೋಗಲಿಲ್ಲ. ಈ ಬೆಟ್ಟಗಳು ಒಮ್ಮೆ ರೇಷ್ಮೆಯ ನಾಡಾಗಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವೆ ಪೆಬ್ರಿನ್ ರೋಗ ಹುಳುಗಳನ್ನು ನಾಶಮಾಡಿತು. ಲೂಯಿ ಪಾಸ್ಟರ್ 1865ರಿಂದ ಕೆಲವು ವರ್ಷ ಸೇವೆನ್ ತಪ್ಪಲಿನ ಅಲೆಸ್ ಪಟ್ಟಣಕ್ಕೆ ಬಂದು ಆ ರೋಗದ ಅಧ್ಯಯನ ನಡೆಸಿದರು. ಕರ್ನಾಟಕದ ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿಯ ಮೂಲ ಅಲ್ಲಿದೆ. ಪದ್ಧತಿ ಲೋಕಕ್ಕೆ ಸಿಕ್ಕಿತು, ಆದರೆ ಸೇವೆನ್ನಿನ ರೇಷ್ಮೆ ಹಳೆಯ ವೈಭವಕ್ಕೆ ಮರಳಲಿಲ್ಲ. ಚೆಸ್ಟ್‌ನಟ್ ಮರಗಳಿಗೂ ರೋಗ ತಗುಲಿತು. ಗಣಿ ಮತ್ತು ಕಾರ್ಖಾನೆಗಳು ಯುವಕರನ್ನು ಕೆಳಗೆ ಸೆಳೆದವು. 1914ರ ಮಹಾಯುದ್ಧ ಉಳಿದವರಲ್ಲಿ ಹಲವರನ್ನು ನುಂಗಿತು. ಹೊಲದ ಗೋಡೆಗಳು ಕುಸಿದವು. ದಾರಿಗಳು ನಿಶ್ಶಬ್ದವಾದವು.

ಈ ನಿಶ್ಶಬ್ದವನ್ನೂ ಲಾರ್ಝಾಕಿನ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಒಂದು ಬಾಳುವವರು ಆಯ್ದುಕೊಂಡದ್ದು. ಇನ್ನೊಂದು ಬಾಳಲಾಗದವರು ಬಿಟ್ಟುಹೋದದ್ದು.

ನೆರೆಯ ಅರ್ದೇಶ್ ಜಿಲ್ಲೆಯ ಉದಾಹರಣೆಯನ್ನು ನೋಡಬಹುದು. ಅಲ್ಲಿನ ಕಣಿವೆಗಳಲ್ಲಿ ಮೀಟರ್ ಗೇಜಿನ ರೈಲು ಓಡುತ್ತಿತ್ತು. 1968ರಲ್ಲಿ ಅದನ್ನು ನಿಲ್ಲಿಸಲಾಯಿತು. ಇಂದು ಆ ಹಳಿಯ ಜಾಡಿನಲ್ಲಿ ದೋಲ್ಚೆ ವಿಯಾ ಎಂಬ ಸೊಗಸಾದ ಸೈಕಲ್ ದಾರಿಯಿದೆ. ರೈಲಿಗಾಗಿ ಕಟ್ಟಿದ ಸೇತುವೆಗಳ ಮೇಲೆ, ಸುರಂಗಗಳ ಒಳಗೆ, ಏರು ತಿಳಿಯದಂತೆ ಸಾಗಬಹುದು. ಜಾಡು ಕಾಡುಪಾಲಾಗದೆ ಉಳಿದದ್ದು ಸಂತೋಷದ ಸಂಗತಿಯೇ ಸರಿ. ಆದರೆ ರೈಲನ್ನು ಕಳೆದುಕೊಂಡ ಹಳ್ಳಿಗೆ ಸೈಕಲ್ ದಾರಿ ಪರಿಹಾರವಾಗಬಲ್ಲದೇ? ಜನವರಿಯ ಹಿಮದಲ್ಲಿ ಎಂಬತ್ತರ ಮುದುಕಿ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಹೋಗಬೇಕೇ?

ಒಂದೇ ರಸ್ತೆಯ ಇಬ್ಬರು

2018ರ ಜುಲೈ 1ರಿಂದ ಫ್ರಾನ್ಸಿನ ಸರ್ಕಾರ ನಡುವೆ ವಿಭಜಕವಿಲ್ಲದ ಇಬ್ಬದಿಯ ರಸ್ತೆಗಳಲ್ಲಿ ವೇಗದ ಮಿತಿಯನ್ನು ಗಂಟೆಗೆ 90 ಕಿಲೋಮೀಟರಿನಿಂದ 80ಕ್ಕೆ ಇಳಿಸಿತು. ಸೈಕಲ್ ಸವಾರರಿಗೆ ಇದರಿಂದ ನೆಮ್ಮದಿಯೇ ಆಗಬೇಕು. ಆದರೆ ಹಳ್ಳಿಗಾಡಿನಲ್ಲಿ ಸಿಟ್ಟು ಭುಗಿಲೆದ್ದಿತು. ಇಂಧನ ತೆರಿಗೆಯ ಏರಿಕೆಯೂ ಸೇರಿ ಅದೇ ನವೆಂಬರಿನಲ್ಲಿ ಹಳದಿ ಅಂಗಿಯವರ ಚಳವಳಿ ಹುಟ್ಟಿತು. ಮುಂದಿನ ವರ್ಷ ಕಾನೂನು ಸಡಿಲಗೊಂಡು, ಹಲವು ಜಿಲ್ಲೆಗಳು ಕೆಲವು ರಸ್ತೆಗಳಲ್ಲಿ 90ಕ್ಕೇ ಮರಳಿದವು.

ಹಳ್ಳಿಗನಿಗೆ ಪರಿಸರದ ಅರಿವಿಲ್ಲವೆಂದು ನಗರದ ಕೆಲವರು ಜರೆದರು. ಇದು ಅನ್ಯಾಯದ ಮಾತು. ಶಾಲೆ, ಅಂಚೆ ಕಚೇರಿ, ಹೆರಿಗೆ ಆಸ್ಪತ್ರೆ ಒಂದೊಂದಾಗಿ ದೂರ ಸರಿದಾಗ ಹಳ್ಳಿಗನಿಗೆ ಉಳಿದ ಸಾಧನ ಕಾರೊಂದೇ. ಅವನ ಅವಸರವನ್ನು ಹುಟ್ಟಿಸಿದವರು ಬೇರೆ, ಅದಕ್ಕೆ ದಂಡ ತೆರುವವನು ಬೇರೆ. ಹತ್ತಿರದಲ್ಲೇ ಬಸ್ಸು, ಹತ್ತಿರದಲ್ಲೇ ವೈದ್ಯರು ಇದ್ದರೆ ಅದೇ ರಸ್ತೆ ತಾನಾಗಿ ನಿಧಾನವಾಗುತ್ತದೆ.

ಹಾಗಾದರೆ ಪ್ರವಾಸಿಗನು ತೆರುವ ಹಣ ಊರಿಗೆ ಸಲ್ಲುವುದಿಲ್ಲವೇ? ಫ್ರಾನ್ಸಿನಲ್ಲಿ ರಾತ್ರಿ ತಂಗುವವರ ಮೇಲೆ 1910ರ ಕಾನೂನಿನ ಕಾಲದಿಂದಲೂ ತಂಗುವ ತೆರಿಗೆಯಿದೆ. ಆದರೆ ಅದರ ಆದಾಯ ಮುಖ್ಯವಾಗಿ ಹೋಗಬೇಕಾದದ್ದು ಪ್ರವಾಸಿಗರನ್ನು ಆಕರ್ಷಿಸುವ ಕೆಲಸಗಳಿಗೆ. ಪ್ರವಾಸಿಯಿಂದ ಬಂದದ್ದು ಇನ್ನಷ್ಟು ಪ್ರವಾಸಿಗಳನ್ನು ಕರೆಯಲು! ಶಾಲೆಯ ಮೇಷ್ಟರು ಆ ಲೆಕ್ಕದಲ್ಲಿ ಬರುವುದಿಲ್ಲ.

ಸೈಕಲ್ ಯಾತ್ರೆ ಹೀಗೆಯೇ ಇರಬೇಕೆಂದಿಲ್ಲ. ಅದರ ಪ್ರವರ್ತಕ ಪೋಲ್ ದ ವಿವಿ (1853–1930) ಬೇರೊಂದು ಮಾದರಿಯನ್ನು ಬಿಟ್ಟುಹೋಗಿದ್ದಾರೆ. ವೆಲೋಸಿಯೋ ಎಂಬ ಹೆಸರಿನಿಂದ ಬರೆಯುತ್ತಿದ್ದ ಈ ರೇಷ್ಮೆ ವ್ಯಾಪಾರಿ 1887ರಲ್ಲಿ ಸಾಂತ್-ಎತಿಯೆನ್ ನಗರದಲ್ಲಿ ಸೈಕಲ್ ಪತ್ರಿಕೆಯೊಂದನ್ನು ಆರಂಭಿಸಿದರು. ಬೆಟ್ಟ ಏರುವ ಸಾಮಾನ್ಯನಿಗೆ ಹಲವು ಗೇರುಗಳು ಬೇಕೆಂದು ದಶಕಗಳ ಕಾಲ ವಾದಿಸಿದರು. ಟೂರ್ ದ ಫ್ರಾನ್ಸ್ ಪಂದ್ಯ ಗೇರು ಬದಲಿಸುವ ಸಾಧನವನ್ನು ಒಪ್ಪಿದ್ದು ಅವರು ತೀರಿಕೊಂಡ ಮೇಲೆ, 1937ರಲ್ಲಿ. ಸವಾರರಿಗೆ ಅವರು ಹೇಳಿದ ಏಳು ನಿಯಮಗಳಲ್ಲಿ ಕೊನೆಯದರ ತಿರುಳು, ಪ್ರತಿಷ್ಠೆಗಾಗಿ ತುಳಿಯಬಾರದು ಎಂಬುದು. ಇಂದು ಸವಾರನು ಮುಂದೆ ಹೋದರೆ ಅವನ ಪೆಟ್ಟಿಗೆ ಹೊತ್ತ ವ್ಯಾನು ಹಿಂದಿನಿಂದ ಹೊಗೆ ಬಿಡುತ್ತ ಬರುತ್ತದೆ. ಇದಕ್ಕೂ ಮೌನ ಪ್ರವಾಸವೆಂದೇ ಹೆಸರು!

ಊರಿದ್ದರೆ ದಾರಿ

1970ರಲ್ಲಿ ಸೇವೆನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಅದರ ಕೇಂದ್ರ ವಲಯದೊಳಗೇ ಜನ ವಾಸಿಸುತ್ತಾರೆ, ಕುರಿ ಮೇಯಿಸುತ್ತಾರೆ. 2011ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೃಷಿ ಮತ್ತು ಪಶುಪಾಲನೆ ರೂಪಿಸಿದ ಸಾಂಸ್ಕೃತಿಕ ಭೂದೃಶ್ಯವೆಂದು. ಮರುವರ್ಷ ಪಶ್ಚಿಮ ಘಟ್ಟದ 39 ತಾಣಗಳು, ಅವುಗಳಲ್ಲಿ ಕರ್ನಾಟಕದ ಹತ್ತು, ಅದೇ ಪಟ್ಟಿಗೆ ಸೇರಿದವು. ಆದರೆ ಜೀವವೈವಿಧ್ಯದ ನಿಸರ್ಗ ತಾಣಗಳೆಂದು. ಒಂದು ಕಡೆ ಕುರುಬನ ಕೋಲೂ ಪರಂಪರೆಯ ಭಾಗ. ಇನ್ನೊಂದು ಕಡೆಯ ಆ ದಾಖಲೆಯಲ್ಲಿ ಮುಖ್ಯವಾದದ್ದು ಗಿಡ, ಮರ, ಪ್ರಾಣಿ. ಘಟ್ಟದ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಕುರಿತು ಯೋಚಿಸಬೇಕು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಕುಸಿದ ಗೋಡೆ ಏಳುವುದಿಲ್ಲ. ಮೇಯಿಸುವವರಿಲ್ಲದ ಹುಲ್ಲುಗಾವಲನ್ನು ಪೊದೆ ಆವರಿಸುತ್ತದೆ. ಮೋರಿ ಬಿಡಿಸುವವರಿಲ್ಲದ ದಾರಿಯನ್ನು ಶರತ್ಕಾಲದ ಒಂದು ಬಿರುಮಳೆ ಕೊಚ್ಚಿಕೊಂಡು ಹೋಗುತ್ತದೆ. ಸೈಕಲ್ ಪ್ರವಾಸಿಗರು ವರ್ಷಕ್ಕೆ ಒಮ್ಮೆ ಬಂದು ಹೋಗುವವರು. ಚಳಿಗಾಲದಲ್ಲಿ ಹಿಮ ಗೋರುವವರು ಊರಿನವರು.

ಆದ್ದರಿಂದ ಮೌನ ದಾರಿಗಳನ್ನು ಪ್ರೀತಿಸುವವರು ಕೇಳಬೇಕಾದದ್ದು ಹೊಸ ಫಲಕಗಳನ್ನಲ್ಲ. ಊರಿನ ಶಾಲೆ ತೆರೆದಿರಲಿ, ಬಸ್ಸು ಬರಲಿ, ತಂಗುವವರ ತೆರಿಗೆಯಲ್ಲಿ ದಾರಿ ಕಾಯುವವರಿಗೂ ಪಾಲಿರಲಿ, ಭೂಮಿ ದುಡಿಯುವವರ ಕೈಯಲ್ಲಿರಲಿ ಎಂದು ಕೇಳಬೇಕು. ಸಂಜೆ ಸೈಕಲ್ ಇಳಿದು ಒಂದು ಲೋಟ ನೀರು ಬೇಡಿದಾಗ ಬಾಗಿಲು ತೆರೆಯುವವರು ಇದ್ದರೆ ಅದು ಊರು. ಬಾಗಿಲೇ ತೆರೆಯದಿದ್ದರೆ ಆ ಮೌನಕ್ಕೆ ಸ್ಮಶಾನದ ಹೆಸರಷ್ಟೇ ಒಪ್ಪುತ್ತದೆ.