ವರ್ತಕರಿಗೂ ಬೇಕು ಎಚ್‌ಟಿಎಂಎಲ್

ಹಿರೇಕೆರೂರಿನ ಗೋವಿನಜೋಳದ ವರ್ತಕರೊಬ್ಬರು ಜಾಲಪುಟ ಮಾಡಿಸಿದರೆನ್ನೋಣ. ದೂರವಾಣಿ ಸಂಖ್ಯೆ ಬದಲಾದಾಗ ಒಂದು ಸಾಲು ತಿದ್ದಲು ಅನ್ಯರಿಗೆ ಹಣ ತೆತ್ತು ಕಾಯಬೇಕು. ಅಷ್ಟರಲ್ಲಿ ಖರೀದಿದಾರನ ಕರೆ ಹಳೆಯ ಸಂಖ್ಯೆಗೆ ಹೋಗಿರುತ್ತದೆ. ಈ ಪರಾವಲಂಬನೆ ಅನಗತ್ಯ. 1993ರಲ್ಲಿ ಸರ್ನ್ ಸಂಸ್ಥೆಯು ವಿಶ್ವವ್ಯಾಪಿ ಜಾಲದ ತಂತ್ರಾಂಶವನ್ನು ಶುಲ್ಕವಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಎಚ್‌ಟಿಎಂಎಲ್ ಬರೆಯಲು ನೋಟ್‌ಪ್ಯಾಡ್ ಸಾಕು. ಶೀರ್ಷಿಕೆಗೆ ಎಚ್1, ಕಂಡಿಕೆಗೆ ಪಿ, ಕೊಂಡಿಗೆ ಎ, ದರಪಟ್ಟಿಗೆ ಟೇಬಲ್. ದ್ವಿನಮೂದು ಪದ್ಧತಿಯಲ್ಲಿ ಖರ್ಚಿಗೆ ಜಮೆಯಿರುವಂತೆ, ತೆರೆದ ಟ್ಯಾಗಿಗೆ ಸಾಮಾನ್ಯವಾಗಿ ಮುಚ್ಚುವ ಟ್ಯಾಗ್ ಇರಬೇಕು. (ಚಿತ್ರದ ಟ್ಯಾಗ್ ಈ ಲೆಕ್ಕಕ್ಕೆ ಸೇರದು.) ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸಿ, ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಬೇಕು, ಹಳೆಯ ನುಡಿ ಅಕ್ಷರಶೈಲಿಯ ಬರಹವು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತನಿಗೆ ಇಷ್ಟನ್ನು ಕಲಿಸಲು ಮಾಲೀಕರು ಹಿಂದೆಗೆಯಬಾರದು.