ಮಾನ್ವಿಯ ಒತ್ತು

ವೆಬ್ ಪುಟ ಕಟ್ಟುವುದನ್ನು ಹೊಸದಾಗಿ ಕಲಿಯುವವರಿಗೆ ಮೊದಲು ಏನು ಹೇಳಿಕೊಡಬೇಕು? ಎಚ್‌ಟಿಎಂಎಲ್ (ಪುಟದ ರಚನೆ) ಪೂರ್ತಿ ಬಂದ ಮೇಲಷ್ಟೇ ಅಲಂಕಾರದ ಸಿಎಸ್‌ಎಸ್ ಮುಟ್ಟಬೇಕು, ಗೋಡೆ ಏಳುವ ಮೊದಲೇ ಸುಣ್ಣ ಕಲೆಸಬಾರದು ಎನ್ನುವವರು ಕೆಲವರು. ಬಣ್ಣ ಕಾಣದಿದ್ದರೆ ಹುಡುಗರು ಮೂರನೇ ದಿನಕ್ಕೆ ಕ್ಲಾಸಿಗೆ ಬರುವುದಿಲ್ಲ, ರೆಡಿಮೇಡ್ ಟೆಂಪ್ಲೇಟ್ ಕೊಟ್ಟು ಆಡಲು ಬಿಡಿ ಎನ್ನುವವರು ಇನ್ನು ಕೆಲವರು. ರಾಯಚೂರಿನಲ್ಲಿ ಕೆಲವು ವರ್ಷ ಈ ಪಾಠ ಹೇಳಿದ ನನಗೆ ಇಬ್ಬರ ಮಾತೂ ಅರ್ಧರ್ಧ ಸರಿ ಅನಿಸುತ್ತದೆ. ಆದರೆ ಆ ಪುಟದಲ್ಲಿ ಏನು ಬರೆಯಬೇಕು, ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಇಬ್ಬರೂ ಕೇಳುವುದಿಲ್ಲ.

ದೇವದುರ್ಗದ ಕಡೆಯ ಒಬ್ಬ ಹುಡುಗಿ ಕ್ಲಾಸಿಗೆ ಬರುತ್ತಿದ್ದಳು. ಅವಳ ತಾಯಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಿದ್ದರು. ಮಗಳು ಅದಕ್ಕೇ ಒಂದು ಪುಟ ಮಾಡಿದಳು. ಮೇಲೆ ದೊಡ್ಡ ಅಕ್ಷರದಲ್ಲಿ ‘ಜೋಳದ ರೊಟ್ಟಿ’, ಕೆಳಗೆ ಮೂರು ಬಣ್ಣದ ಡಬ್ಬಿಗಳಲ್ಲಿ ರೊಟ್ಟಿ ತಲುಪಿಸುವ ಊರುಗಳು: ರಾಯಚೂರು, ದೇವದುರ್ಗ, ಮಾನ್ವಿ. ಅಲಂಕಾರವನ್ನು ಯಾವುದೋ ಇಂಗ್ಲಿಷ್ ಟೆಂಪ್ಲೇಟಿನಿಂದ ಎತ್ತಿದ್ದಳು. ಪುಟ ತೆರೆದವಳೇ, “ಸರ, ಮಾನ್ವಿ ಹೋಗಿ ಮಾನಿ ಆಗ್ಯಾದ್ರಿ” ಅಂದಳು. ನೋಡಿದರೆ ‘ರೊಟ್ಟಿ’ಯೂ ‘ರೊಟಿ’ಯಾಗಿತ್ತು.

ಆ ಟೆಂಪ್ಲೇಟಿನಲ್ಲಿ ಲೈನ್-ಹೈಟ್ (ಸಾಲಿನ ಎತ್ತರ) 1 ಎಂದಿತ್ತು, ಡಬ್ಬಿಯಿಂದ ಹೊರಗೆ ಚಾಚಿದ್ದನ್ನು ಕತ್ತರಿಸು ಎಂಬ ಆಜ್ಞೆಯೂ ಇತ್ತು. ಇಂಗ್ಲಿಷಿನ ಅಕ್ಷರಗಳಿಗೆ ಅಷ್ಟು ಜಾಗ ಹೇಗೋ ಸಾಕು. ಕನ್ನಡದ ಒತ್ತಿಗೆ ಕೆಳಗೆ ಇನ್ನೂ ಒಂದಿಷ್ಟು ಜಾಗ ಬೇಕು. ‘ರಾಯಚೂರು’ ಎಂಬ ಮಾತಿನಲ್ಲಿ ಒತ್ತೇ ಇಲ್ಲ, ಅದು ಪಾರಾಯಿತು. ‘ದೇವದುರ್ಗ’ದ ಅರ್ಕಾವತ್ತು ಅಕ್ಷರದ ಪಕ್ಕದಲ್ಲೇ ಕೂರುವುದರಿಂದ ಅದೂ ಪಾರಾಯಿತು. ಊರುಗಳಲ್ಲಿ ಕತ್ತರಿಗೆ ಸಿಕ್ಕಿದ್ದು ಮಾನ್ವಿ ಒಂದೇ. (ಕೆಲವು ಬೋರ್ಡುಗಳಲ್ಲಿ ‘ಮಾನವಿ’ ಎಂದೇ ಬರೆದಿರುತ್ತದೆ. ಆ ಪೇಂಟರ್‌ಗಳಿಗೂ ಒತ್ತಿನ ತಂಟೆ ಬೇಡವಾಗಿತ್ತೋ ಏನೋ!) 1 ಇದ್ದ ಕಡೆ 1.7 ಬರೆದು ರಿಫ್ರೆಶ್ ಮಾಡಿದಳು. ವ-ಒತ್ತು ತನ್ನ ಜಾಗಕ್ಕೆ ಬಂತು. ಲೈನ್-ಹೈಟ್ ಎಂದರೇನು ಎಂದು ನಾನು ಬೋರ್ಡಿನ ಮೇಲೆ ಬರೆಯಬೇಕಾಗಲೇ ಇಲ್ಲ.

ಹೊಸಬರ ಮೊದಲ ಪುಟ ಕನ್ನಡದಲ್ಲಿ, ತಮಗೆ ಗೊತ್ತಿರುವ ವಿಷಯದ ಮೇಲೆ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಇದರಲ್ಲಿ ಭಾಷಾಭಿಮಾನದ ಪಾಲು ಇಲ್ಲವೆನ್ನುವುದಿಲ್ಲ, ಆದರೆ ಕಾರಣ ಅದಲ್ಲ. ಇಂಗ್ಲಿಷ್ ಟೆಂಪ್ಲೇಟಿಗೆ ಇಂಗ್ಲಿಷ್ ಸಾಲು ತುಂಬಿದಾಗ ಎಲ್ಲವೂ ಮೊದಲೇ ಸರಿಯಾಗಿರುತ್ತದೆ. ಸರಿಯಾಗಿರುವ ಕಡೆ ಕಲಿಯಲು ಏನು ಉಳಿಯುತ್ತದೆ? ಕನ್ನಡ ಹಾಕಿದ ಕೂಡಲೇ ಟೆಂಪ್ಲೇಟ್ ಮಾಡಿದವರು ಊಹಿಸಿಕೊಂಡಿದ್ದೆಲ್ಲ ಒಂದೊಂದಾಗಿ ಹೊರಬೀಳುತ್ತದೆ. ಅಕ್ಷರಗಳನ್ನೆಲ್ಲ ಕ್ಯಾಪಿಟಲ್ ಮಾಡು ಎಂಬ ಸಾಲಿಗೆ ಇಲ್ಲಿ ಕೆಲಸವೇ ಇಲ್ಲ, ಕನ್ನಡದಲ್ಲಿ ಕ್ಯಾಪಿಟಲ್ ಎಂಬುದಿಲ್ಲ. ಇಟಾಲಿಕ್ ಹಾಕಿದರೆ ಬಹುತೇಕ ಫಾಂಟುಗಳಲ್ಲಿ ಅದಕ್ಕೆಂದೇ ಬರೆದ ರೂಪವಿರುವುದಿಲ್ಲ. ಬ್ರೌಸರ್ ನೆಟ್ಟಗಿದ್ದ ಅಕ್ಷರವನ್ನೇ ಹಿಡಿದು ವಾಲಿಸುತ್ತದೆ, ಅದು ನೋಡಲು ಚೆನ್ನಾಗಿರುವುದಿಲ್ಲ.

ಆ ರೊಟ್ಟಿಗಳ ಬೆಲೆಪಟ್ಟಿಯ ಕತೆ ಬೇರೆ. ಅದನ್ನು ಹುಡುಗಿಯ ಮನೆಯವರು ಹಿಂದೊಮ್ಮೆ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಿತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಬಾಡಿಗೆಗೆ ಇಟ್ಟಂಥವು. ಫಾಂಟ್ ತೆಗೆದರೆ ಒಳಗಿನ ಮಾಲೀಕ ಕಾಣುತ್ತಾನೆ. ಯೂನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ ಸ್ವಂತ ಮನೆ ಸಿಕ್ಕಿತ್ತು. ಯೂನಿಕೋಡಿನಲ್ಲಿ ‘ಮಾನ್ವಿ’ ಎಂದು ಬರೆದರೆ ಫೈಲಿನೊಳಗೆ ಇರುವುದು ಆರು ಸಂಕೇತ: ಮ, ದೀರ್ಘ, ನ, ಹಲಂತ, ವ, ಗುಡಿಸು. ಒತ್ತು ಎಂಬುದೇ ಅಲ್ಲಿಲ್ಲ. ನ-ಹಲಂತ-ವ ಸಾಲಾಗಿ ಬಂದಾಗ ವ-ವನ್ನು ಕೆಳಗಿಳಿಸಿ ಕೂರಿಸುವುದು ಬ್ರೌಸರ್ ಮತ್ತು ಫಾಂಟಿನ ಕೆಲಸ. ಬರೆದದ್ದೇ ಬೇರೆ, ಕಾಣುವುದೇ ಬೇರೆ. ಎಚ್‌ಟಿಎಂಎಲ್‌ಗೂ ಸಿಎಸ್‌ಎಸ್‌ಗೂ ಇರುವ ಸಂಬಂಧವೂ ಹೀಗೇ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಲೋಕದ ಮುಂದಿಟ್ಟ ವೆಬ್ ಪುಟಗಳು ಬರೀ ಬರಹ ಮತ್ತು ಕೊಂಡಿ. ಹೋಕನ್ ವಿಯುಮ್ ಲೀ ಸಿಎಸ್‌ಎಸ್‌ನ ಪ್ರಸ್ತಾವ ಮುಂದಿಟ್ಟದ್ದು 1994ರಲ್ಲಿ, ಅದು ಅಧಿಕೃತವಾದದ್ದು 1996ರ ಕೊನೆಗೆ. ಈ ಚರಿತ್ರೆಯನ್ನು ಮೊದಲ ದಿನ ಹೇಳಿದರೆ ಹುಡುಗರು ಆಕಳಿಸುತ್ತಾರೆ. ಮಾನ್ವಿಯ ಒತ್ತು ಕಳೆದುಹೋದ ದಿನ ಹೇಳಿದರೆ ಕೇಳುತ್ತಾರೆ.

ಬೆಂಗಳೂರಿನ ಇಂಟರ್‌ವ್ಯೂನಲ್ಲಿ ಕನ್ನಡ ಪುಟ ಯಾರು ನೋಡುತ್ತಾರ್ರಿ ಎಂದು ಪಾಲಕರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಕೆಲಸಕ್ಕಾಗಿ ಕಲಿಯುವುದನ್ನು ಹಗುರವಾಗಿ ನೋಡುವಷ್ಟು ಉಳ್ಳವರು ಈ ಜಿಲ್ಲೆಯಲ್ಲಿ ಹೆಚ್ಚಿಲ್ಲ. ಆದರೆ ಕನ್ನಡದ ಮೇಲೆ ಕಲಿತ ಲೈನ್-ಹೈಟ್ ಇಂಗ್ಲಿಷಿನ ಮೇಲೆ ಮರೆತುಹೋಗುವುದಿಲ್ಲ, ಸಿಎಸ್‌ಎಸ್ ಎರಡಕ್ಕೂ ಒಂದೇ. ಪುಟದ ಭಾಗಗಳನ್ನು ಗುರುತಿಸುವ ಟ್ಯಾಗುಗಳು ಇಂಗ್ಲಿಷಿನಲ್ಲಿವೆ ಎಂಬ ಅಂಜಿಕೆಯೂ ನಿಲ್ಲದು. ಮೊದಲ ಪುಟಕ್ಕೆ ಹತ್ತು-ಹನ್ನೆರಡು ಟ್ಯಾಗು ಬೇಕು, ಬಸ್ಸಿನ ಬೋರ್ಡು ಓದುವವರಿಗೆ ಅದು ಭಾರವಲ್ಲ.

ಟೆಂಪ್ಲೇಟ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನೋಡಿ ಕಲಿಯುವುದು ಹಳೆಯ ದಾರಿ. ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿ 40 ಅಡಿಗೂ ಹೆಚ್ಚು ಉದ್ದದ ಒಂದು ಕಲ್ಲಿದೆ, 1294ರ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿ ತಂದ ಬಗೆಯನ್ನು ಗೋಡೆಯ ಮೇಲೇ ಕೊರೆದು ತೋರಿಸಿದ್ದಾರೆ. ವೆಬ್ ಪುಟವೂ ತನ್ನನ್ನು ಕಟ್ಟಿದ ಬಗೆಯನ್ನು ಬಚ್ಚಿಡುವುದಿಲ್ಲ, ಬ್ರೌಸರಿನಲ್ಲಿ ಅದರ ಮೂಲವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಆದರೆ ಕೋಣ ಎಳೆದ ಚಿತ್ರವನ್ನು ನೋಡಿದವನಿಗೆ ಕಲ್ಲಿನ ತೂಕ ಗೊತ್ತಾಗುವುದು ತಾನೂ ಒಂದು ಕಲ್ಲಿಗೆ ಹೆಗಲು ಕೊಟ್ಟಾಗ.

ಹುಡುಗಿ ಪುಟವನ್ನು ಮೊಬೈಲಿಗೆ ಹಾಕಿಕೊಂಡು ಊರಿಗೆ ಹೋದಳು. ತಾಯಿ ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಎರಡು ಸಲ ನೋಡಿ, “ಚಂದ ಆಗ್ಯಾದ ಯವ್ವಾ. ಫೋನ್ ನಂಬರ ಎಲ್ಲದ?” ಎಂದರಂತೆ. ನಂಬರ್ ಇತ್ತು. ತಿಳಿ ಹಳದಿಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿದ್ದಳು.